ಡೊಮೈನ್ ನಿಮ್ಮದೇ ಇರಲಿ, ಮನೆ ವಿಳಾಸ ಊರಿಗೆಲ್ಲ ಯಾಕೆ?

2014ರಲ್ಲಿ ನಾನು ಮೊದಲ ಡಾಟ್ ಕಾಮ್ ಡೊಮೈನ್, ಅಂದರೆ ವೆಬ್‌ಸೈಟಿಗೆ ಒಂದು ಹೆಸರು, ತೆಗೆದುಕೊಂಡೆ. ದುಡ್ಡು ಕಟ್ಟಿದಾಗ ರಾತ್ರಿ ಹತ್ತೂವರೆ. ಮಾರನೇ ದಿನ ದೋಸೆ ಮುರಿಯುವ ಹೊತ್ತಿಗೆ ಮೊದಲ ಫೋನು ಬಂತು. "ಸರ್, ಹೊಸ ಡೊಮೈನ್ ತಗೊಂಡಿದ್ದೀರಲ್ವಾ, ವೆಬ್‌ಸೈಟ್ ಮಾಡಿಸ್ತೀರಾ?" ಮಧ್ಯಾಹ್ನದೊಳಗೆ ಇಂಥ ಏಳು ಕರೆ. ಫಾರ್ಮ್ ತುಂಬುವಾಗ ಅಡ್ಮಿನ್ ಕಾಂಟ್ಯಾಕ್ಟ್ ಅಂತ ಇನ್ನೊಂದು ಹೆಸರು ಕೇಳಿತ್ತು. ಸುಮ್ನೆ ಅಪ್ಪನ ಹೆಸರು, ನಂಬರು ಹಾಕಿದ್ದೆ. ಅಪ್ಪ ಬಂದ ಕರೆಗೆಲ್ಲ ಮರ್ಯಾದೆಯಿಂದ, "ಮಗ ಆಫೀಸಿಗೆ ಹೋಗಿದಾನೆ, ಏಳು ಗಂಟೆ ಮೇಲೆ ಮಾಡಿ" ಅಂದಿದ್ದರು. ಏಳಕ್ಕೆ ಸರಿಯಾಗಿ ಎಲ್ಲರೂ ಮಾಡಿದರು.

ಅವರಿಗೆ ನಂಬರ್ ಸಿಕ್ಕಿದ್ದು ಹೂಯಿಸ್ ಅನ್ನುವ ಪಟ್ಟಿಯಿಂದ. ಯಾವ ಡೊಮೈನ್ ಯಾರದು ಅಂತ ಹೇಳುವ ಈ ವ್ಯವಸ್ಥೆ 1982ರದ್ದು. ಆಗ ನೆಟ್‌ವರ್ಕ್ ನೋಡಿಕೊಳ್ಳುವವರು ಬೆರಳೆಣಿಕೆಯ ಜನ. ಒಬ್ಬರ ಮೆಷಿನ್ ಕೆಟ್ಟರೆ ಇನ್ನೊಬ್ಬರು ಫೋನ್ ಮಾಡಿ ಹೇಳಲಿ ಅಂತ ಮಾಡಿದ ಡೈರೆಕ್ಟರಿ ಅದು. ಮುಂದೆ ಚಕ್ಕುಲಿ ಮಾರುವವರೂ ಕವಿತೆ ಬರೆಯುವವರೂ ಡೊಮೈನ್ ಕೊಂಡರು. ಡೈರೆಕ್ಟರಿ ಮಾತ್ರ ಹಾಗೇ ಬಾಗಿಲು ತೆರೆದುಕೊಂಡು ಕೂತಿತ್ತು.

ಬಾಗಿಲು ಅರ್ಧ ಮುಚ್ಚಿದ್ದು ಯುರೋಪ್. ಜನರ ಖಾಸಗಿ ಮಾಹಿತಿ ಕಾಯುವ ಅಲ್ಲಿನ ಜಿಡಿಪಿಆರ್ ಕಾನೂನು 2018ರ ಮೇ 25ಕ್ಕೆ ಜಾರಿಗೆ ಬಂತು. ಅದಕ್ಕೆ ಎಂಟೇ ದಿನ ಮೊದಲು, ಡೊಮೈನ್ ಹೆಸರುಗಳ ಮೇಲುಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ ತರಾತುರಿಯಲ್ಲಿ ಒಂದು ತಾತ್ಕಾಲಿಕ ನಿಯಮ ತಂದು, ಹೆಸರು, ಬೀದಿ, ಫೋನ್, ಇಮೇಲ್ ಮುಚ್ಚಲು ದಾರಿ ಮಾಡಿತು. ಈಗಂತೂ ಹಳೇ ಹೂಯಿಸ್ ಕೂಡ ಕಡ್ಡಾಯವಲ್ಲ. 2025ರ ಜನವರಿ 28ರಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಆರ್‌ಡಿಎಪಿ ಅನ್ನುವ ಹೊಸ ವ್ಯವಸ್ಥೆಯೇ ಅಧಿಕೃತ. ಜನ ಮಾತ್ರ ಇನ್ನೂ ಹೂಯಿಸ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಹಾಗಾದರೆ ಇನ್ನು ಚಿಂತೆ ಯಾಕೆ? ಮರೆಮಾಡುವ ದಾರಿ ಹಲವಿವೆ. ಒಂದೊಂದು ದಾರಿಯಲ್ಲಿ ಒಂದೊಂದು ವಿವರ ಮುಚ್ಚುತ್ತದೆ, ಇನ್ನೊಂದು ತೆರೆದೇ ಇರುತ್ತದೆ. ಕೆಲವು ದಾರಿಗಳಲ್ಲಿ ನಿಮ್ಮ ವಿಳಾಸದ ಜೊತೆ ನಿಮ್ಮ ಒಡೆತನವೂ ಮರೆಯಾಗಿಬಿಡುತ್ತದೆ. ನೆಂಟರಿಗೆ, ಗೆಳೆಯರಿಗೆ ಸೈಟ್ ಮಾಡಿಕೊಟ್ಟು ನಾನು ಹೆಚ್ಚು ತಲೆ ಕೆಡಿಸಿಕೊಂಡಿರುವುದು ಈ ಎರಡನೆಯದಕ್ಕೆ.

ಮೊದಲು ಇದನ್ನು ಕೇಳಿಕೊಳ್ಳಿ: ಯಾರಿಂದ ಮರೆ?

ವೆಬ್ ಡಿಸೈನ್ ಮಾರುವ ಕರೆಗಳಿಂದ ತಪ್ಪಿಸಿಕೊಂಡರೆ ಸಾಕಾ? ಹಾಗಿದ್ದರೆ ಪುಕ್ಕಟೆ ಸಿಗುವ ಯಾವ ಮರೆಯಾದರೂ ನಡೆಯುತ್ತದೆ. ನಿಮ್ಮ ಬರಹ ಓದಿ ಸಿಟ್ಟಾದವನು ಮನೆ ಬಾಗಿಲಿಗೆ ಬರಬಾರದಾ? ಆಗ ಸ್ವಲ್ಪ ಜಾಗ್ರತೆ ಬೇಕು. ಪೊಲೀಸು, ಕೋರ್ಟಿನಿಂದ ಅಡಗಬೇಕಾ? ಅದಕ್ಕೆ ಇಲ್ಲಿ ಉತ್ತರವಿಲ್ಲ. ಕೋರ್ಟ್ ಆದೇಶ ಬಂದರೆ ರಿಜಿಸ್ಟ್ರಾರ್‌ಗಳು, ಅಂದರೆ ನಮಗೆ ಡೊಮೈನ್ ಮಾರುವ ಕಂಪನಿಗಳು, ಸಾಮಾನ್ಯವಾಗಿ ವಿವರ ಕೊಡುತ್ತವೆ. ಟ್ರೇಡ್‌ಮಾರ್ಕ್ ಮೊಕದ್ದಮೆಗಳಲ್ಲಿ ದೆಹಲಿ ಹೈಕೋರ್ಟ್ ಇಂಥ ಆದೇಶ ಮತ್ತೆ ಮತ್ತೆ ಕೊಟ್ಟಿದೆ. ಬೇರೆಯವರ ಬ್ರ್ಯಾಂಡ್ ಹೆಸರಿನಲ್ಲಿ ಡೊಮೈನ್ ತೆಗೆದುಕೊಂಡು, ಅವರು ಯುಡಿಆರ್‌ಪಿ ಅನ್ನುವ ವ್ಯಾಜ್ಯ ಪದ್ಧತಿಯಡಿ ದೂರು ಕೊಟ್ಟರೂ ಅಷ್ಟೇ. ಪರದೆ ಸರಿಯುತ್ತದೆ, ನಿಮ್ಮ ಹೆಸರು ದೂರುದಾರರ ಕೈಗೆ ಹೋಗುತ್ತದೆ.

ಏನೂ ಮಾಡದೆ ಬಿಟ್ಟರೆ

ಇವತ್ತು ಡಾಟ್ ಕಾಮ್ ಕೊಂಡು, ಯಾವ ಗುಂಡಿಯನ್ನೂ ಒತ್ತದೆ ಬಿಟ್ಟರೂ ಸಾಮಾನ್ಯವಾಗಿ ನಿಮ್ಮ ಬೀದಿ, ಫೋನ್ ಕಾಣುವುದಿಲ್ಲ. ಐಕ್ಯಾನ್‌ನ ಲುಕಪ್ ಪುಟದಲ್ಲಿ ಡೊಮೈನ್ ಹೆಸರು ಹಾಕಿ ನೋಡಿ. ನೇಮ್ ಎದುರಿಗೆ "ರಿಡ್ಯಾಕ್ಟೆಡ್" (ಮುಚ್ಚಿಟ್ಟಿದೆ ಅಂತ), ಸ್ಟ್ರೀಟ್ ಎದುರಿಗೆ "ರಿಡ್ಯಾಕ್ಟೆಡ್", ಫೋನ್ ಎದುರಿಗೂ ಅದೇ. ಕೆಳಗೆ ರಾಜ್ಯ ಕರ್ನಾಟಕ, ದೇಶ ಐಎನ್ ಅಂತ ಮಾತ್ರ ಇರುತ್ತದೆ. ಇಷ್ಟರಿಂದ ಮನೆ ಹುಡುಕಲು ಆಗದು.

ಆದರೆ ಒಂದು ಕಡೆ ಜನ ಎಡವುತ್ತಾರೆ. ನಮ್ಮ ಅತ್ತಿಗೆ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಾರೆ. ಡೊಮೈನ್ ಅವರೇ ತೆಗೆದುಕೊಂಡರು. ಫಾರ್ಮಿನಲ್ಲಿ "ಆರ್ಗನೈಸೇಷನ್" ಅನ್ನುವ ಖಾನೆ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಅಲ್ಲೂ ತಮ್ಮ ಪೂರ್ತಿ ಹೆಸರು ಹಾಕಿದರು, ಊರಿನ ಹೆಸರೂ ಸೇರಿಸಿ. ಲುಕಪ್ ಮಾಡಿದಾಗ ಎಲ್ಲ ಸಾಲೂ ಮುಚ್ಚಿತ್ತು. ಆ ಒಂದು ಸಾಲು ಮಾತ್ರ ಬಿಚ್ಚಿಟ್ಟಿತ್ತು. ಸಂಸ್ಥೆಯ ಹೆಸರು ಖಾಸಗಿ ಮಾಹಿತಿಯಲ್ಲ ಅನ್ನುವ ಲೆಕ್ಕದಲ್ಲಿ ಆ ಖಾನೆ ಬಯಲಾಗಬಹುದು. ಅಷ್ಟೇ ಅಲ್ಲ, ಅದನ್ನು ತುಂಬಿದರೆ ಡೊಮೈನ್ ಆ ಸಂಸ್ಥೆಯದು ಅಂತಲೇ ಲೆಕ್ಕ. ನೀವು ಬರೀ ಸಂಪರ್ಕದ ವ್ಯಕ್ತಿ. ಸಂಸ್ಥೆ ಇಲ್ಲದಿದ್ದರೆ ಆ ಖಾನೆ ಖಾಲಿ ಬಿಡಿ.

ಇನ್ನೊಂದು ವಿಷಯ. ಡಾಟ್ ಕಾಮ್ ನಡೆಸುವ ವೆರಿಸೈನ್ ಹತ್ತಿರ ನಿಮ್ಮ ವಿಳಾಸ ಇರುವುದೇ ಇಲ್ಲ. ಹೆಸರು, ತಾರೀಕು, ಯಾವ ರಿಜಿಸ್ಟ್ರಾರ್, ಯಾವ ನೇಮ್‌ಸರ್ವರ್ (ಸೈಟ್ ಎಲ್ಲಿದೆ ಅಂತ ದಾರಿ ತೋರಿಸುವ ಕಂಪ್ಯೂಟರ್), ಇಷ್ಟೇ ಅವರ ಕಡತ. ನಿಮ್ಮ ವಿವರ ಇರುವುದು ನೀವು ದುಡ್ಡು ಕಟ್ಟಿದ ರಿಜಿಸ್ಟ್ರಾರ್ ಹತ್ತಿರ. ಎಷ್ಟು ಮುಚ್ಚಬೇಕು ಅನ್ನುವುದೂ ಬಹುಪಾಲು ಅವರ ಕೈಯಲ್ಲಿದೆ. ಅದಕ್ಕೆ "ಡಾಟ್ ಕಾಮ್ ಅಂದ್ರೆ ತಾನಾಗೇ ಮುಚ್ಚಿರುತ್ತೆ" ಅಂತ ನಂಬಿ ಕೂರಬೇಡಿ.

ರಿಜಿಸ್ಟ್ರಾರ್ ಕೊಡುವ ಪ್ರೈವೆಸಿ ಸೇವೆ

ಇದು ಎರಡನೇ ದಾರಿ. ನಿಮ್ಮ ವಿವರದ ಜಾಗದಲ್ಲಿ ಇನ್ನೊಂದು ಕಂಪನಿಯ ವಿವರ ಕಾಣುತ್ತದೆ. ಗೋಡ್ಯಾಡಿಯಲ್ಲಿ ಕೊಂಡರೆ ಡೊಮೈನ್ಸ್ ಬೈ ಪ್ರಾಕ್ಸಿ ಅನ್ನುವ ಅರಿಜೋನಾದ ಕಂಪನಿ. ನೇಮ್‌ಚೀಪ್‌ನಲ್ಲಿ ಕೊಂಡರೆ ವಿತ್‌ಹೆಲ್ಡ್ ಫಾರ್ ಪ್ರೈವೆಸಿ ಅನ್ನುವ ಐಸ್‌ಲ್ಯಾಂಡಿನ ಕಂಪನಿ. ಹಾಸನದ ನನ್ನ ಗೆಳೆಯನ ಕಾಫಿ ಸೈಟು ದಾಖಲೆ ಪ್ರಕಾರ ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನಲ್ಲಿದೆ. ಅವನು ಹಿಮ ನೋಡಿರುವುದು ಫ್ರಿಜ್ಜಿನಲ್ಲಿ ಮಾತ್ರ.

ಮೊದಲೆಲ್ಲ ಇದಕ್ಕೆ ವರ್ಷವರ್ಷವೂ ಪ್ರತ್ಯೇಕ ದುಡ್ಡು ಕೊಡಬೇಕಿತ್ತು. ಕೆಲವು ಕಡೆ ಡೊಮೈನಿಗಿಂತ ಪರದೆಯೇ ದುಬಾರಿ ಅನ್ನಿಸುತ್ತಿತ್ತು. ಈಗ ನೇಮ್‌ಚೀಪ್, ಪೋರ್ಕ್‌ಬನ್ ಇಂಥವರು ಪುಕ್ಕಟೆ ಕೊಡುತ್ತಾರೆ. ಕ್ಲೌಡ್‌ಫ್ಲೇರ್ ಕೂಡ ವಿವರ ಮುಚ್ಚಲು ದುಡ್ಡು ಕೇಳುವುದಿಲ್ಲ. ಹಾಗಾಗಿ "ಫುಲ್ ಪ್ರೊಟೆಕ್ಷನ್", "ಅಲ್ಟಿಮೇಟ್" ಅಂತ ಬಿಲ್ಲಿನ ಕೊನೆಗೆ ಅಂಟಿಸುವ ಸಾಲನ್ನು ಕಣ್ಣು ಬಿಟ್ಟು ಓದಿ. ಅದರಲ್ಲಿ ಪ್ರೈವೆಸಿಗಿಂತ ಬೇರೆ ಏನೋ ಇರುತ್ತದೆ. ಬೇಕಿದ್ದರೆ ಕೊಳ್ಳಿ, ಹೆದರಿ ಕೊಳ್ಳಬೇಡಿ.

ಬರೀ ಮುಚ್ಚುವುದಕ್ಕೂ ಈ ಸೇವೆಗೂ ಏನು ವ್ಯತ್ಯಾಸ? ಇಲ್ಲಿ ರಾಜ್ಯವೂ ಕಾಣದು. ಜೊತೆಗೆ ಒಂದು ಮರೆಯ ಇಮೇಲ್ ವಿಳಾಸ ಸಿಗುತ್ತದೆ. ಅದಕ್ಕೆ ಬಂದದ್ದು ನಿಮ್ಮ ನಿಜವಾದ ಇಮೇಲಿಗೆ ಬರುತ್ತದೆ. ಯಾರಾದರೂ ನಿಜಕ್ಕೂ ಡೊಮೈನ್ ಕೊಳ್ಳಲು ಕೇಳಿದರೆ, ಇಲ್ಲವೇ ನಿಮ್ಮ ಸೈಟಿನಲ್ಲಿ ವೈರಸ್ ಇದೆ ಅಂತ ಹೇಳಿದರೆ, ತಲುಪುತ್ತದೆ. ಅದರ ಜೊತೆಗೆ ಕಸವೂ ತಲುಪುತ್ತದೆ ಅನ್ನಿ.

ಮುಖ್ಯ ವಿಷಯ ಇನ್ನೂ ಇದೆ. "ಪ್ರೈವೆಸಿ" ಮತ್ತು "ಪ್ರಾಕ್ಸಿ" ಒಂದೇ ಅಲ್ಲ. ಐಕ್ಯಾನ್ ಕಡತದಲ್ಲಿ ಎರಡಕ್ಕೂ ಬೇರೆ ಅರ್ಥ. ಪ್ರೈವೆಸಿಯಲ್ಲಿ ಡೊಮೈನ್ ನಿಮ್ಮ ಹೆಸರಲ್ಲೇ ಇರುತ್ತದೆ, ಸಂಪರ್ಕದ ವಿವರ ಮಾತ್ರ ಬೇರೆಯವರದು. ಪ್ರಾಕ್ಸಿಯಲ್ಲಿ ಡೊಮೈನೇ ಆ ಕಂಪನಿಯ ಹೆಸರಲ್ಲಿ. ಅವರು ನಿಮಗೆ ಬಳಸಲು ಕೊಟ್ಟಿರುತ್ತಾರೆ, ಹೆಚ್ಚುಕಮ್ಮಿ ಬಾಡಿಗೆ ಮನೆಯ ಹಾಗೆ. ದೊಡ್ಡ ರಿಜಿಸ್ಟ್ರಾರ್‌ಗಳಲ್ಲಿ ನಿಮ್ಮ ಅಕೌಂಟಿನ ಒಳಗೆ ನಿಮ್ಮ ನಿಜವಾದ ವಿವರವೂ ಇರುವುದರಿಂದ ದಿನನಿತ್ಯದಲ್ಲಿ ತೊಂದರೆ ಕಾಣದು. ತೊಂದರೆ ಗೊತ್ತಾಗುವುದು ಕಂಪನಿಯೇ ಮುಳುಗಿದಾಗ.

2007ರಲ್ಲಿ ಅಮೆರಿಕದ ರಿಜಿಸ್ಟರ್‌ಫ್ಲೈ ಅನ್ನುವ ರಿಜಿಸ್ಟ್ರಾರ್ ಹೀಗೇ ಮುಳುಗಿತು. ಪಾಲುದಾರರ ಜಗಳ, ನವೀಕರಣದ ದುಡ್ಡು ಕಟ್ಟಿಸಿಕೊಂಡರೂ ನವೀಕರಣವಿಲ್ಲ, ಫೋನ್ ಎತ್ತುವವರಿಲ್ಲ. ಐಕ್ಯಾನ್ ಅದರ ಮಾನ್ಯತೆ ಕಿತ್ತುಕೊಂಡಿತು. ಡೊಮೈನುಗಳನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವಾಗ ಹೆಚ್ಚು ಪೇಚಿಗೆ ಸಿಕ್ಕಿದವರು ಯಾರು? ಅದೇ ಕಂಪನಿಯ ಪ್ರೈವೆಸಿ ಸೇವೆ ತೆಗೆದುಕೊಂಡಿದ್ದವರು. ಸಾರ್ವಜನಿಕ ದಾಖಲೆಯಲ್ಲಿ ಅವರ ಹೆಸರೇ ಇರಲಿಲ್ಲ. ಆಮೇಲೆ ಐಕ್ಯಾನ್ ರಿಜಿಸ್ಟ್ರಾರ್‌ಗಳ ಮಾಹಿತಿಯ ಪ್ರತಿಯನ್ನು ಮೂರನೆಯವರ ಹತ್ತಿರ ಭದ್ರವಾಗಿಡುವ ವ್ಯವಸ್ಥೆ ಜಾರಿಗೆ ತಂತು. ಈಗ ಅಷ್ಟು ಭಯವಿಲ್ಲ. ಆದರೂ ಬಿಲ್ಲು, ದುಡ್ಡು ಕಟ್ಟಿದ ರಸೀದಿ ಎರಡನ್ನೂ ನಾನು ಪಿಡಿಎಫ್ ಮಾಡಿ ಇಟ್ಟುಕೊಳ್ಳುತ್ತೇನೆ. ನೀವೂ ಇಡಿ.

ಬರಹಗಾರರು, ಫ್ರೀಲ್ಯಾನ್ಸ್ ಕೆಲಸದವರು, ಮನೆಯಿಂದಲೇ ಪಾಠ ಹೇಳುವವರಿಗೆಲ್ಲ ನಾನು ಹೇಳುವುದು ಇದೇ ದಾರಿ. ಒಂದೇ ಷರತ್ತು: ಕೊಳ್ಳುವ ಕ್ಷಣದಲ್ಲೇ ಪ್ರೈವೆಸಿ ಹಾಕಿಕೊಳ್ಳಿ. "ಆಮೇಲೆ ಮಾಡಿದ್ರಾಯ್ತು" ಅಂದರೆ ಆಗಲಿಲ್ಲ. ಹೂಯಿಸ್ ದಾಖಲೆಗಳನ್ನು ದಿನವೂ ಎತ್ತಿಟ್ಟುಕೊಂಡು, ಹಳೇ ಪ್ರತಿಗಳನ್ನು ಮಾರುವ ಡೊಮೈನ್‌ಟೂಲ್ಸ್‌ನಂಥ ಕಂಪನಿಗಳಿವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದು ಇದಕ್ಕೇ. ನನ್ನ 2014ರ ಡೊಮೈನಿಗೆ ನಾನು ಪರದೆ ಹಾಕಿ ಎಷ್ಟೋ ವರ್ಷವಾಯಿತು. ಅಪ್ಪನ ನಂಬರಿಗೆ ಈಗಲೂ ಅಪರೂಪಕ್ಕೆ "ಎಸ್‌ಇಒ ಮಾಡಿಸ್ತೀರಾ" ಅಂತ ಕರೆ ಬರುತ್ತದೆ. ಟ್ರಾಯ್‌ನ 1909ಕ್ಕೆ ಡಿಎನ್‌ಡಿ ಹಾಕಿಸಿದ್ದೂ ಆಯಿತು. ಸ್ವಲ್ಪ ಕಮ್ಮಿಯಾಗಿದೆ, ನಿಂತಿಲ್ಲ.

ಡೊಮೈನೇ ಬೇರೆಯವರದು

ನಿಜಾಲ್ಲಾ ಅನ್ನುವ ಸೇವೆಯನ್ನು 2017ರಲ್ಲಿ ಪೈರೇಟ್ ಬೇ ಸ್ಥಾಪಕರಲ್ಲಿ ಒಬ್ಬರಾದ ಪೀಟರ್ ಸುಂಡೆ ಶುರು ಮಾಡಿದರು. ಅಲ್ಲಿ ಡೊಮೈನಿನ ಒಡೆಯರು ಅವರೇ, ಅದನ್ನು ಅವರು ಮುಚ್ಚಿಟ್ಟಿಲ್ಲ. ನಿಮಗೆ ಬಳಸುವ ಹಕ್ಕು ಮಾತ್ರ. ಪತ್ರಕರ್ತರಿಗೆ, ನಿಜವಾದ ಬೆದರಿಕೆ ಇರುವವರಿಗೆ ಇದು ಬೇಕಾಗಬಹುದು. ಕವಿತೆ ಹಾಕಲು ಇಷ್ಟು ಬೇಡ. ನಾಳೆ ಅವರಿಗೂ ನಿಮಗೂ ಸರಿಹೋಗದಿದ್ದರೆ ಯಾವ ಮೇಲುಕೋರ್ಟಿಗೆ ಹೋಗುತ್ತೀರಿ?

ಇದರ ದೇಸಿ ರೂಪ ನಮ್ಮಲ್ಲಿ ಬೇಕಾದಷ್ಟಿದೆ. ಅದಕ್ಕೆ ಯಾರೂ ಪ್ರಾಕ್ಸಿ ಅನ್ನುವುದಿಲ್ಲ, "ನಮ್ಮ ವೆಬ್‌ಸೈಟ್ ಹುಡುಗ" ಅನ್ನುತ್ತಾರೆ. ಸೈಟ್ ಮಾಡಿಕೊಡುವವನೇ ಡೊಮೈನನ್ನೂ ತನ್ನ ಅಕೌಂಟಿನಲ್ಲಿ, ತನ್ನ ಹೆಸರಿನಲ್ಲಿ ತೆಗೆಯುತ್ತಾನೆ. ಮಾಲೀಕರಿಗೂ ಅನುಕೂಲ. ಅವರ ಫೋನ್ ನಂಬರ್ ಎಲ್ಲೂ ಕಾಣುವುದಿಲ್ಲ, ಕರೆಗಳ ಕಾಟವಿಲ್ಲ. ಮಲೆನಾಡಿನಲ್ಲಿ ನನ್ನ ಪರಿಚಯದವರೊಬ್ಬರ ಹೋಮ್‌ಸ್ಟೇ ಹೀಗೇ ಆರು ವರ್ಷ ನಡೆಯಿತು. ಹುಡುಗ ಬೇರೆ ಕೆಲಸ ಹಿಡಿದು ಊರು ಬಿಟ್ಟ. ಅವನ ಹಳೇ ಇಮೇಲಿಗೆ ಬಂದ ನವೀಕರಣದ ನೆನಪೋಲೆ ಯಾರೂ ನೋಡಲಿಲ್ಲ. ಅಕ್ಟೋಬರ್ ರಜೆಯ ಬುಕಿಂಗ್ ಹೊತ್ತಿಗೆ ಸೈಟ್ ಮಾಯ. "ಹೆಸರು ನಮ್ಮದಲ್ವಾ?" ಅಂತ ಅವರು ಕೇಳಿದರು. ಬೋರ್ಡಿನ ಮೇಲಿನ ಹೆಸರು ಅವರದೇ. ದಾಖಲೆಯಲ್ಲಿ ಅಲ್ಲ.

ಹುಡುಗನಿಗೆ ಕೆಲಸ ಕೊಡಿ. ಡೊಮೈನನ್ನು ಮಾತ್ರ ನಿಮ್ಮ ಅಕೌಂಟಿನಲ್ಲಿ, ನಿಮ್ಮ ಹೆಸರಿನಲ್ಲಿ, ಪ್ರೈವೆಸಿ ಹಾಕಿ ತೆಗೆಯಿರಿ. ನೇಮ್‌ಸರ್ವರ್ ಬದಲಿಸಲು ಅವನಿಗೆ ಬೇಕಾದಷ್ಟು ಅನುಮತಿ ಕೊಟ್ಟರೆ ಸಾಕು.

ಡಾಟ್ ಇನ್ ಬೇರೆಯೇ ಲೆಕ್ಕ

ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಕನ್ನಡ ಲಿಪಿಯ ಡಾಟ್ ಭಾರತ ಕೂಡ ಅವರದೇ. ಇಲ್ಲಿ ಪ್ರೈವೆಸಿ, ಪ್ರಾಕ್ಸಿ ಸೇವೆಗೆ ಅವಕಾಶವಿಲ್ಲ. ಇದನ್ನು ಕೇಳಿ ಎಷ್ಟೋ ಜನ ಡಾಟ್ ಇನ್ ಬಿಟ್ಟು ಡಾಟ್ ಕಾಮ್‌ಗೆ ಓಡುತ್ತಾರೆ. ಅಷ್ಟು ಗಾಬರಿ ಬೇಡ. ನಿಕ್ಸಿಯೇ ಸಾರ್ವಜನಿಕ ಲುಕಪ್‌ನಲ್ಲಿ ಹೆಸರು, ಬೀದಿ, ಫೋನ್, ಇಮೇಲ್ ಮುಚ್ಚುತ್ತದೆ. ಕಾಣುವುದು ರಾಜ್ಯ, ದೇಶ, ಮತ್ತೆ ಅದೇ ಹಾಳು ಆರ್ಗನೈಸೇಷನ್ ಖಾನೆ.

ಆದರೆ ಒಳಗಿನ ಕಡತದಲ್ಲಿ ನೀವು ನೀವೇ ಆಗಿರಬೇಕು. ಗುರುತಿನ ದಾಖಲೆ ಕೇಳುತ್ತಾರೆ. ಆಧಾರ್ ಅಥವಾ ಪ್ಯಾನ್‌ನಲ್ಲಿರುವ ಹೆಸರಿಗೂ ಫಾರ್ಮಿನ ಹೆಸರಿಗೂ ತಾಳೆ ಇರಲಿ. ನಮ್ಮ ಇನಿಷಿಯಲ್ ಗೋಳು ಗೊತ್ತಲ್ಲ, ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಅಪ್ಪನ ಹೆಸರು ಪೂರ್ತಿ.

ಎರಡನ್ನೂ ಪಕ್ಕಪಕ್ಕ ಇಟ್ಟರೆ, ಟೆಲಿಮಾರ್ಕೆಟಿಂಗ್‌ನವರಿಂದ ಮರೆ ಅಂದರೆ ಡಾಟ್ ಇನ್ ಸಾಕು. ಸರ್ಕಾರಕ್ಕೂ ಗುರುತು ಕೊಡಲು ಮನಸ್ಸಿಲ್ಲ ಅನ್ನುವವರಿಗೆ ಅದು ಅಲ್ಲ. ಅಂಗಡಿ, ಹೋಟೆಲ್, ಸಂಘಗಳಿಗೆ ನಾನು ಡಾಟ್ ಇನ್ನೇ ಹೇಳುತ್ತೇನೆ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಅಮೆರಿಕದ ಕನ್ನಡ ಕೂಟದವರು ಡಾಟ್ ಯುಎಸ್ ಚೆನ್ನಾಗಿದೆ ಅಂತ ತೆಗೆದುಕೊಳ್ಳುವುದುಂಟು. ಅದಕ್ಕೆ ಪ್ರೈವೆಸಿ ಸೇವೆ ಹಾಕುವಂತಿಲ್ಲ, 2005ರಿಂದಲೂ ಅಲ್ಲಿನ ಸರ್ಕಾರದ ನಿಯಮ ಅದು. ಕಾರ್ಯದರ್ಶಿಯ ಮನೆ ವಿಳಾಸ ಕೊಟ್ಟು ತೆಗೆಯುವ ಮೊದಲು ಯೋಚಿಸಿ. ಡಾಟ್ ಆರ್ಗ್ ಇದ್ದೇ ಇದೆ. ಕೆನಡಾದ ಡಾಟ್ ಸಿಎ ಮಾತ್ರ ಒಳ್ಳೆಯದು, ವ್ಯಕ್ತಿಗಳ ವಿವರವನ್ನು 2008ರಿಂದಲೇ ತಾನಾಗಿ ಮುಚ್ಚುತ್ತದೆ.

ಸುಳ್ಳು ವಿಳಾಸ ಕೊಟ್ಟರೆ?

ಬೇಡ. ಹೊಸ ಡೊಮೈನ್ ಕೊಂಡ 15 ದಿನದೊಳಗೆ ಇಮೇಲ್ ಅಥವಾ ಫೋನ್ ದೃಢಪಡಿಸದಿದ್ದರೆ ರಿಜಿಸ್ಟ್ರಾರ್ ಸೈಟ್ ನಿಲ್ಲಿಸಬಹುದು. ಬೇಕೆಂದೇ ಸುಳ್ಳು ವಿವರ ಕೊಟ್ಟಿದ್ದು ಗೊತ್ತಾದರೆ ಡೊಮೈನೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಪಾಸ್‌ವರ್ಡ್ ಮರೆತು "ಇದು ನನ್ನದು" ಅಂತ ಸಾಬೀತು ಮಾಡಬೇಕಾದಾಗ "ಎಬಿಸಿ, ಒಂದನೇ ಕ್ರಾಸ್" ಯಾರು ಅಂತ ಹೇಳುತ್ತೀರಿ?

ಸುಳ್ಳಲ್ಲದ, ಆದರೆ ಬೇರೆಯಾದ ವಿವರ ಕೊಡುವುದು ಜಾಣತನ. ಡೊಮೈನಿಗೆಂದೇ ಒಂದು ಇಮೇಲ್. ಅದು ಅದೇ ಡೊಮೈನಿನ ಮೇಲಿರಬಾರದು, ಡೊಮೈನ್ ನಿಂತರೆ ಇಮೇಲೂ ನಿಲ್ಲುತ್ತದೆ, ಆಮೇಲೆ ಬೀಗದ ಕೈ ಮನೆಯೊಳಗೇ ಉಳಿದ ಹಾಗೆ. ಎರಡನೇ ಸಿಮ್ ಇದ್ದರೆ ಆ ನಂಬರು. ಆಫೀಸ್ ಇದ್ದರೆ ಆಫೀಸ್ ವಿಳಾಸ. ಪೋಸ್ಟ್ ಆಫೀಸಿನಲ್ಲಿ ಪೋಸ್ಟ್ ಬಾಕ್ಸ್ ಇದ್ದರೆ ಅದೂ ಆಗುತ್ತದೆ, ರಿಜಿಸ್ಟ್ರಾರ್ ಒಪ್ಪಿದರೆ.

ಮಾರಾಟ ಮಾಡುವವರಿಗೆ ಈ ದಾರಿ ಬಿಟ್ಟರೆ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಅತ್ತಿಗೆಯ ಡೊಮೈನಿನ ಆ ಖಾನೆಯನ್ನು ಸರಿಮಾಡಿಸಿದೆ, ಸರಿ. ಆದರೆ ಚಕ್ಕುಲಿ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ ಇರಲೇಬೇಕು ಅನ್ನುತ್ತದೆ ಆಹಾರದ ಕಾನೂನು. ಆನ್‌ಲೈನ್ ಮಾರಾಟದ ಸೈಟುಗಳಿಗೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಿವೆ. ಅವೂ ವಿಳಾಸ, ಫೋನ್ ಹಾಕಿ ಅನ್ನುತ್ತವೆ. ಕೊಳ್ಳುವವರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಆದ್ದರಿಂದ ವ್ಯಾಪಾರಕ್ಕೆ ಬೇರೆ ಸಿಮ್, ಸಾಧ್ಯವಾದರೆ ಬೇರೆ ವಿಳಾಸ. ಅತ್ತಿಗೆ ಈಗ ಅಣ್ಣನ ಅಂಗಡಿಯ ಹಿಂದಿನ ಕೋಣೆಗೆ ಬಾಣಲೆ ಸಾಗಿಸಿದ್ದಾರೆ. ಅದು ಡೊಮೈನಿಗಾಗಿ ಅಲ್ಲ, ಮನೆಯಲ್ಲಿ ಎಣ್ಣೆ ಹೊಗೆ ಜಾಸ್ತಿಯಾಗಿತ್ತು. ವಿಳಾಸದ ಸಮಸ್ಯೆ ಜೊತೆಗೇ ಬಗೆಹರಿಯಿತು.

ಡೊಮೈನೇ ಬೇಡ ಅನ್ನುವುದೂ ಒಂದು ದಾರಿ. ವರ್ಡ್‌ಪ್ರೆಸ್, ಬ್ಲಾಗ್‌ಸ್ಪಾಟ್, ಗಿಟ್‌ಹಬ್ ಕೊಡುವ ಪುಕ್ಕಟೆ ವಿಳಾಸಕ್ಕೆ ನಿಮ್ಮ ಹೆಸರಿನ ಹೂಯಿಸ್ ದಾಖಲೆಯೇ ಇರುವುದಿಲ್ಲ. ಬರೆಯುವ ಚಟ ಉಳಿಯುತ್ತದಾ ಅಂತ ನೋಡಲು ಒಂದು ವರ್ಷ ಅಲ್ಲೇ ಇರುವುದು ಒಳ್ಳೆಯದು.

ಕೊನೆಗೆ ಒಂದು ತಪಾಸಣೆ. ಇದನ್ನು ಬಹಳ ಜನ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಪ್ರತಿ ಡೊಮೈನಿನ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರನ್ನು ಸರ್ವರಿಗೆ ಜೋಡಿಸುವ ಪಟ್ಟಿಯಲ್ಲಿ, ಎಸ್‌ಒಎ ಅಂತ ಒಂದು ದಾಖಲೆ ಇರುತ್ತದೆ. ಅದರಲ್ಲಿ ಜವಾಬ್ದಾರರ ಇಮೇಲ್‌ಗೆ ಒಂದು ಜಾಗವಿದೆ. ಅಟ್ ಚಿಹ್ನೆಯ ಬದಲು ಚುಕ್ಕಿ ಇರುವುದರಿಂದ ಅದು ಇಮೇಲ್ ಅಂತ ಕಣ್ಣಿಗೆ ಹೊಳೆಯುವುದಿಲ್ಲ. ಕೆಲವು ಹೋಸ್ಟಿಂಗ್ ಪ್ಯಾನೆಲ್‌ಗಳು ಅಲ್ಲಿಗೆ ನಿಮ್ಮ ಅಕೌಂಟಿನ ಇಮೇಲನ್ನೇ ತಂದು ಕೂರಿಸುತ್ತವೆ. ಹೂಯಿಸ್‌ಗೆ ಪರದೆ ಹಾಕಿ, ರೇಕ್ಯಾವಿಕ್ ವಿಳಾಸ ನೋಡಿ ನಕ್ಕು, ಎರಡು ವರ್ಷ ನೆಮ್ಮದಿಯಾಗಿದ್ದ ಮೇಲೆ ಒಂದು ದಿನ ಬೇರೇನೋ ಹುಡುಕುತ್ತಾ ಆ ಸಾಲು ನೋಡಿದೆ. ನನ್ನ ಹೆಸರು, ಹುಟ್ಟಿದ ವರ್ಷ, ಚುಕ್ಕಿ, ಜಿಮೇಲ್, ಚುಕ್ಕಿ, ಕಾಮ್. ಹೋಸ್ಟಿಂಗ್ ಪ್ಯಾನೆಲ್‌ಗೆ ಹೋಗಿ ಬದಲಿಸಲು ಎರಡು ನಿಮಿಷ ಹಿಡಿಯಿತು.